ಭೋಗ, ಉಪಭೋಗ ಮತ್ತು ಎರಡನೆಯ ಸಫಾರಿ

ಸಂಸಾರಸ್ಥನು ಮಾಡುವ ಖರ್ಚುಗಳಲ್ಲಿ ಮೊದಲನೆಯ ಸಲದ ಖರ್ಚಿಗೆ ಕಾರಣ ಹುಡುಕುವುದು ಸುಲಭ. ‘ನೋಡಿರಲಿಲ್ಲ, ಆದುದರಿಂದ ನೋಡಿಬಂದೆ’ ಎಂದರೆ ಮುಗಿಯಿತು. ಕುತೂಹಲವು ಮನುಷ್ಯನಿಗೆ ಸಹಜವಾದುದು. ಅದನ್ನು ಯಾರೂ ಬಹಳವಾಗಿ ದೂಷಿಸುವುದಿಲ್ಲ. ಆದರೆ ಅದೇ ಖರ್ಚನ್ನು ಎರಡನೆಯ ಸಲ ಮಾಡಹೊರಟಾಗ ಈ ಸಮಾಧಾನ ನಿಲ್ಲುವುದಿಲ್ಲ. ನೋಡಿದ್ದನ್ನೇ ಮತ್ತೆ ನೋಡಲು, ಹಿಂದೆ ತೆತ್ತದ್ದಕ್ಕಿಂತ ಇಮ್ಮಡಿ ಹಣ ತೆತ್ತು, ಏತಕ್ಕೆ ಹೋಗಬೇಕು? ಈ ಪ್ರಶ್ನೆಗೆ ಕುತೂಹಲವು ಉತ್ತರವಾಗಲಾರದು. ಬೇರೆ ಉತ್ತರ ಇರಬೇಕು, ಇಲ್ಲವಾದರೆ ಹೋಗಬಾರದು. ನಮ್ಮ ಮನೆಯಲ್ಲಿ ಇತ್ತೀಚೆಗೆ ಎದ್ದ ಇಂಥದೊಂದು ಪ್ರಶ್ನೆಯನ್ನು ನಾವು ಹೇಗೆ ತೂಗಿ ನೋಡಿದೆವು ಎಂಬುದನ್ನು ಸುಜ್ಞ ವಾಚಕರ ಮುಂದಿಡುತ್ತಿದ್ದೇನೆ. ಪ್ರವಾಸದ ಬದಲಿಗೆ ಮನೆ, ವಾಹನ, ಆಭರಣ ಯಾವುದನ್ನಿಟ್ಟರೂ ವಿಚಾರದ ಕ್ರಮ ಒಂದೇ ಆಗಿರುವುದರಿಂದ ಇದು ಕೇವಲ ಮನೆವಾರ್ತೆಯಾಗಿ ಉಳಿಯಲಾರದೆಂದು ನಂಬಿದ್ದೇನೆ.

2014ರ ಆಗಸ್ಟ್ ತಿಂಗಳಲ್ಲಿ ನಾನೂ ನನ್ನ ಧರ್ಮಪತ್ನಿಯೂ ಕೀನ್ಯಾ ದೇಶದ ಮಾಸಾಯಿ ಮಾರಾಕ್ಕೆ ಹೋಗಿ ಆರು ರಾತ್ರಿ ಇದ್ದು ಬಂದಿದ್ದೆವು. ಆಗ ಆದ ಖರ್ಚು ಇಬ್ಬರಿಗೆ 4,30,000 ರೂಪಾಯಿ. ನಮ್ಮ ವಿವಾಹಕ್ಕೆ ನಲವತ್ತು ವರ್ಷ ತುಂಬುವ ನಿಮಿತ್ತ, ಬೆಂಗಳೂರಿನಲ್ಲಿರುವ ಮಗನು ಅದೇ ಆಗಸ್ಟ್ ತಿಂಗಳ ಅದೇ ಆರು ರಾತ್ರಿಯ ಪ್ರವಾಸವನ್ನು ಮತ್ತೆ ಏರ್ಪಡಿಸುವೆನೆಂದು ಮುಂದೆ ಬಂದನು. ‘ಅಪ್ಪಾಜಿ, ಅವ್ವನ ಮೊಣಕಾಲು ಇನ್ನೂ ಗಟ್ಟಿ ಇದ್ದಾಗನ ಇನ್ನೊಮ್ಮೆ ಹೋಗಿ ಬರ್ರಿ’ ಎಂದು ಅವನ ಮಾತು. ಅವನು ತರಿಸಿಕೊಟ್ಟ ಅಂದಾಜುಪಟ್ಟಿಯ ಮೊತ್ತ 9,20,000 ರೂಪಾಯಿ. ನನ್ನ ಪತ್ನಿಯ ಮೊಣಕಾಲಿನ ಮಾತು ಸುಳ್ಳಲ್ಲ. ಎತ್ತರದ ಜೀಪು ಹತ್ತಿ ಇಳಿಯುವ ಶಕ್ತಿ ಇನ್ನು ಬಹಳ ವರ್ಷ ಇರುವುದೆಂದು ವೈದ್ಯರು ಹೇಳಿಲ್ಲ. ಆದುದರಿಂದ ‘ಮುಂದೆ ನೋಡೋಣ’ ಎಂದು ಪ್ರಶ್ನೆಯನ್ನು ತಳ್ಳಿಹಾಕುವ ಅನುಕೂಲ ನಮಗಿರಲಿಲ್ಲ.

ಮಾರಾವನ್ನು ನೋಡದ ವಾಚಕರಿಗಾಗಿ ಎರಡು ಮಾತು ಹೇಳುವುದು ಅಗತ್ಯ. ಅದು ಸುಮಾರು 1,510 ಚದರ ಕಿಲೋಮೀಟರ್ ವಿಸ್ತಾರದ ಹುಲ್ಲುಗಾವಲು. ಅದರ ದಕ್ಷಿಣಕ್ಕೆ, ಟಾಂಜಾನಿಯಾ ದೇಶದ ಗಡಿಯಾಚೆ, ಇದರ ಹತ್ತರಷ್ಟು ದೊಡ್ಡದಾದ ಸೆರೆಂಗೆಟಿ ಇದೆ. ಈ ಎರಡೂ ಬಯಲುಗಳನ್ನು ಒಂದೇ ಅಂಗಳವಾಗಿ ಮಾಡಿಕೊಂಡು, ಹತ್ತು ಲಕ್ಷಕ್ಕೂ ಮಿಕ್ಕಿವೆಯೆಂದು ದಶಕಗಳಿಂದ ಅಂದಾಜಿಸುತ್ತ ಬಂದಿರುವ ವೈಲ್ಡ್‌ಬೀಸ್ಟ್‌ಗಳು ಮಳೆಯನ್ನೂ ಹುಲ್ಲನ್ನೂ ಅನುಸರಿಸಿ ವರ್ಷವಿಡೀ ಸುತ್ತುತ್ತವೆ. ಎತ್ತಿನ ಮೈಕಟ್ಟು, ಕುದುರೆಯ ಬಾಲ, ಮೇಕೆಯ ಗಡ್ಡವುಳ್ಳ ಈ ಪ್ರಾಣಿ ಜಾತಿಯಲ್ಲಿ ಹುಲ್ಲೆಯ ಬಂಧು. ಜುಲೈಯಿಂದ ಅಕ್ಟೋಬರ್‌ವರೆಗೆ ಅವು ಮಾರಾ ನದಿಯನ್ನು ಹಲವು ಸಲ ದಾಟುತ್ತವೆ. ಕಡಿದಾದ ದಂಡೆ, ರಭಸದ ನೀರು, ನೀರಿನಲ್ಲಿ ಮೊಸಳೆಗಳು. ಈ ನದಿ ದಾಟುವ ದೃಶ್ಯವನ್ನು ನೋಡಲೆಂದೇ ಲೋಕದ ನಾನಾ ಭಾಗಗಳಿಂದ ಜನ ಆ ತಿಂಗಳುಗಳಲ್ಲಿ ಬರುತ್ತಾರೆ. ನಾವೂ ಬಂದಿದ್ದೆವು. ಮೂರು ಗಂಟೆ ಕಾದಿದ್ದೆವು, ನೋಡಿದೆವು.

ಮೊದಲು ವ್ಯಾಪಾರಿಯ ಲೆಕ್ಕವನ್ನೇ ಹೇಳುತ್ತೇನೆ. ಜವಳಿ ಅಂಗಡಿಯ ಕಿರ್ದಿ-ಖತಾವಣಿಗಳ ನಡುವೆ ನಲವತ್ತು ವರ್ಷ ಕಳೆದವನಿಗೆ ಅದೇ ಮೊದಲು ಹೊಳೆಯುವುದು ಸ್ವಾಭಾವಿಕ.

ಲೆಕ್ಕಶಾಸ್ತ್ರದ ಮೊದಲ ಪಾಠವೆಂದರೆ, ಆಗಿಹೋದ ಖರ್ಚನ್ನು ಮುಂದಿನ ತೀರ್ಮಾನದೊಳಗೆ ತರಕೂಡದು ಎಂಬುದು. 2014ರ 4,30,000 ರೂಪಾಯಿ ಮರಳಿ ಬರುವುದಿಲ್ಲ. ‘ಅಷ್ಟು ಖರ್ಚು ಮಾಡಿ ಕಲಿತದ್ದು ವ್ಯರ್ಥವಾಗಬಾರದು, ಮತ್ತೆ ಹೋಗೋಣ’ ಎಂಬ ವಾದವೂ, ‘ಒಮ್ಮೆ ಅಷ್ಟು ಸುರಿದದ್ದು ಸಾಲದೆ?’ ಎಂಬ ವಾದವೂ ಇಲ್ಲಿ ಸಮಾನವಾಗಿ ಅಪ್ರಸ್ತುತ. ಹಿಂದಿನ ಖರ್ಚಿನಿಂದ ಇಂದಿಗೂ ಉಳಿದು ಬಂದಿರುವ ಆಸ್ತಿ ಯಾವುದಾದರೂ ಇದ್ದರೆ ಅದನ್ನು ಮಾತ್ರ ಎಣಿಸಬೇಕು. ಅಂಥವು ಕೆಲವಿದ್ದವು. ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರದ ಅವಧಿ ನಾವು ಪಡೆದಾಗ ಹತ್ತು ವರ್ಷವಿತ್ತು. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನಿಯಮ ಬದಲಾಗಿ ಅದು ಆಜೀವ ಪರ್ಯಂತ ಸಲ್ಲುವಂತಾಯಿತು. ದುರ್ಬೀನು ಇದೆ. ಈರುಳ್ಳಿ-ಬೆಳ್ಳುಳ್ಳಿ ಇಲ್ಲದ ಅಡುಗೆಯನ್ನು ಕೇಳುವ ಬಗೆ ಗೊತ್ತಿದೆ. ಭೂಮಧ್ಯರೇಖೆಗೆ ಸಮೀಪದ ಆ ನಾಡಿನಲ್ಲಿ ವರ್ಷವಿಡೀ ಸಂಜೆ ಆರೂವರೆಯ ಸುಮಾರಿಗೆ ಸೂರ್ಯಾಸ್ತವಾಗುವುದರಿಂದ, ಸಂಜೆಯ ಸಫಾರಿಗೆ ಹೊರಡುವ ಮೊದಲೇ ಊಟ ಮುಗಿಸುವ ಏರ್ಪಾಡು ಮಾಡಿಕೊಳ್ಳಬೇಕೆಂಬುದೂ ಗೊತ್ತಿದೆ. ಇವೆಲ್ಲ ಸೇರಿ ಎರಡನೆಯ ಪ್ರವಾಸದಲ್ಲಿ ಉಳಿಯುವುದು ಕೆಲವು ಸಾವಿರ ರೂಪಾಯಿ ಮಾತ್ರ.

ಏರಿರುವ ಬಾಬತ್ತುಗಳೋ ದೊಡ್ಡವು. 2024ರಿಂದ ಮಾರಾದ ಪ್ರವೇಶ ಶುಲ್ಕವು ವಿದೇಶೀಯರಿಗೆ ತಲೆಗೆ ದಿನವೊಂದಕ್ಕೆ ಜನವರಿಯಿಂದ ಜೂನ್‌ವರೆಗೆ 100 ಡಾಲರ್, ಜುಲೈಯಿಂದ ಡಿಸೆಂಬರ್‌ವರೆಗೆ 200 ಡಾಲರ್ ಎಂದಾಯಿತು. ಆಗಸ್ಟಿನಲ್ಲಿ ಇಬ್ಬರಿಗೆ ಆರು ದಿನಕ್ಕೆ ಶುಲ್ಕವೊಂದೇ 2,400 ಡಾಲರ್, ಅಂದರೆ ಎರಡು ಲಕ್ಷ ರೂಪಾಯಿಗೂ ಮಿಕ್ಕಿ. ಹೊರದೇಶದ ಪ್ರವಾಸದ ಹಣ ಕಟ್ಟುವಾಗ ಮೂಲದಲ್ಲೇ ಸಂಗ್ರಹಿಸುವ ತೆರಿಗೆಯನ್ನು ನಾನು ಖರ್ಚೆಂದು ಎಣಿಸಲಿಲ್ಲ. ವರ್ಷಾಂತ್ಯದ ಆದಾಯ ತೆರಿಗೆಯಲ್ಲಿ ಅದು ಜಮೆಯಾಗುತ್ತದೆ. ಆರು ರಾತ್ರಿಯಲ್ಲಿ ಬೆಳಗಿನ ಮತ್ತು ಸಂಜೆಯ ಸುತ್ತಾಟ ಸೇರಿ ಹನ್ನೊಂದು ಸಲ ಹೊರಡಬಹುದು. ಒಂದೊಂದು ಸುಮಾರು ಮೂರೂವರೆ ಗಂಟೆ. ಹಾಗೆ ಭಾಗಿಸಿ ನೋಡಿದರೆ ಕಾಡನ್ನು ಕಣ್ಣಿನಿಂದ ನೋಡುವ ಒಂದು ಗಂಟೆಯ ಬೆಲೆ ಇಬ್ಬರಿಗೆ ಸುಮಾರು 24,000 ರೂಪಾಯಿ ಬೀಳುತ್ತದೆ.

ಈ ಅಂಕಿಯನ್ನು ನೋಡಿದ ಯಾವ ವ್ಯಾಪಾರಿಯೂ ಪುಸ್ತಕ ಮುಚ್ಚಿಬಿಡುವನು. ವಾಣಿಜ್ಯ ಪದವಿಯ ತರಗತಿಯಲ್ಲಿ ನಾವು ಓದಿದ ಇಳಿಮುಖ ತುಷ್ಟಿಗುಣದ ನಿಯಮವೂ ಅದನ್ನೇ ಹೇಳುತ್ತದೆ. ಹಸಿದವನಿಗೆ ಮೊದಲನೆಯ ರೊಟ್ಟಿ ಕೊಡುವ ತೃಪ್ತಿಯನ್ನು ನಾಲ್ಕನೆಯ ರೊಟ್ಟಿ ಕೊಡುವುದಿಲ್ಲ. ಆದರೆ ಈ ನಿಯಮವನ್ನು ಪ್ರಚುರಪಡಿಸಿದ ಆಲ್ಫ್ರೆಡ್ ಮಾರ್ಷಲ್ ಪಂಡಿತನೇ 1890ರಲ್ಲಿ ಪ್ರಕಟವಾದ ತನ್ನ ಅರ್ಥಶಾಸ್ತ್ರ ಗ್ರಂಥದಲ್ಲಿ ಇದಕ್ಕೊಂದು ಎಲ್ಲೆಯನ್ನು ಹಾಕಿದ್ದಾನೆ. ಉತ್ತಮ ಸಂಗೀತವನ್ನು ಕೇಳಿದಷ್ಟೂ ಅದರ ಅಭಿರುಚಿ ಬೆಳೆಯಬಹುದೆಂದೂ, ಏಕೆಂದರೆ ಕಾಲ ಕಳೆದಂತೆ ಕೇಳುವವನೇ ಬದಲಾಗಿರುತ್ತಾನೆಂದೂ, ಆ ಬದಲಾವಣೆಯನ್ನು ಈ ನಿಯಮವು ಲೆಕ್ಕಕ್ಕೆ ಹಿಡಿದಿಲ್ಲವೆಂದೂ ಅವನ ಅಭಿಪ್ರಾಯ. ಆದುದರಿಂದ, ಎರಡನೆಯ ಸಲದ ಪ್ರವಾಸವು ನಾಲ್ಕನೆಯ ರೊಟ್ಟಿಯೋ ಅಥವಾ ಎರಡನೆಯ ಸಲ ಕೇಳುವ ಸಂಗೀತವೋ ಎಂಬುದನ್ನು ನಿರ್ಧರಿಸದೆ ಕೇವಲ ಗಂಟೆಯ ದರದಿಂದ ತೀರ್ಪು ಕೊಡಲಾಗದು.

ಮಾರ್ಷಲನಿಗಿಂತ ಬಹಳ ಹಿಂದೆಯೇ ನಮ್ಮ ಆಚಾರ್ಯರು ಈ ಭೇದವನ್ನು ಇನ್ನೂ ಸ್ಪಷ್ಟವಾಗಿ ಮಾಡಿದ್ದಾರೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವನ್ನು ಓದಿದವರಿಗೆ ಇದು ತಿಳಿದ ವಿಷಯವೇ. ಒಮ್ಮೆ ಅನುಭವಿಸಿದ ಮೇಲೆ ಮುಗಿದುಹೋಗುವುದು ಭೋಗ. ಅನ್ನ, ಗಂಧ, ಪುಷ್ಪಗಳಂತೆ. ಒಮ್ಮೆ ಅನುಭವಿಸಿದ ಮೇಲೂ ಮತ್ತೆ ಮತ್ತೆ ಅನುಭವಕ್ಕೆ ಬರುವುದು ಉಪಭೋಗ, ವಸ್ತ್ರಾದಿಗಳಂತೆ. ಎರಡಕ್ಕೂ ಶ್ರಾವಕನು ಪರಿಮಿತಿ ಹಾಕಿಕೊಳ್ಳಬೇಕು, ಅದರಲ್ಲಿ ಸಂಶಯವಿಲ್ಲ. ಆದರೆ ಮಿತಿಯನ್ನು ಹಾಕುವ ಮೊದಲು ವಸ್ತುವು ಯಾವ ವರ್ಗದ್ದೆಂದು ತಿಳಿಯುವುದು ಅವಶ್ಯ. ಮೊದಲನೆಯ ಸಫಾರಿ ನಮ್ಮಲ್ಲಿ ಭೋಗವಾಗಿ ಮುಗಿದುಹೋಯಿತೋ, ಉಪಭೋಗವಾಗಿ ಉಳಿಯಿತೋ? ಇದನ್ನು ಕೇಳಿಕೊಳ್ಳಲು ನಮಗೆ ಹತ್ತಿರದಲ್ಲಿಯೇ ಒಂದು ಒರೆಗಲ್ಲಿತ್ತು. ಅದೆಂದರೆ ನಮ್ಮ ಕಬಿನಿ.

ಮಾರಾದಿಂದ ಬಂದ ಮೇಲಿನ ವರ್ಷಗಳಲ್ಲಿ ನಾವಿಬ್ಬರೂ ನಾಲ್ಕು ಸಲ ಕಬಿನಿಗೆ ಹೋದೆವು. ಬೇಸಿಗೆಯಲ್ಲಿ ಜಲಾಶಯದ ಹಿನ್ನೀರು ಇಳಿದಾಗ ಬಯಲಾಗುವ ನೆಲದಲ್ಲಿ ಎಳೆಹುಲ್ಲು ಚಿಗುರುತ್ತದೆ. ಒಣಗಿದ ಕಾಡಿನಿಂದ ಆನೆಗಳು ಹಿಂಡು ಹಿಂಡಾಗಿ ಅಲ್ಲಿಗೆ ಇಳಿಯುತ್ತವೆ. ಮೊದಲನೆಯ ಸಲ ನಾವು ಆನೆಗಳನ್ನು ಎಣಿಸಿದೆವು. ಎರಡನೆಯ ಸಲ ಮರಿಗಳನ್ನು ಎಣಿಸಿದೆವು. ಮೂರನೆಯ ಸಲ ಎಣಿಸುವುದು ತಾನಾಗಿ ನಿಂತಿತು. ನಾಲ್ಕನೆಯ ಸಲ ಒಂದು ಹೆಣ್ಣಾನೆ ಹುಲ್ಲಿನ ಗೆಡ್ಡೆಯನ್ನು ಸೊಂಡಿಲಿನಿಂದ ಕಿತ್ತು, ಬೇರಿನ ಮಣ್ಣು ಉದುರುವವರೆಗೆ ಅದನ್ನು ಮುಂಗಾಲಿಗೆ ಬಡಿದು ಬಡಿದು ಬಾಯಿಗಿಡುವುದನ್ನೂ, ಪಕ್ಕದಲ್ಲಿದ್ದ ಮರಿ ಅದನ್ನೇ ಅನುಕರಿಸಹೋಗಿ ಹುಲ್ಲನ್ನು ಮತ್ತೆ ಮತ್ತೆ ಬೀಳಿಸಿಕೊಳ್ಳುವುದನ್ನೂ ಮುಕ್ಕಾಲು ಗಂಟೆ ನೋಡುತ್ತ ಕುಳಿತೆವು. ಹಿಂದಿನ ಮೂರು ಸಲವೂ ಆನೆಗಳು ಹೀಗೆಯೇ ಹುಲ್ಲು ಬಡಿಯುತ್ತಿದ್ದವು. ಅಷ್ಟು ಸೂಕ್ಷ್ಮವಾಗಿ ನೋಡುವ ಸಾವಧಾನವು ನಮಗೆ ಬರಲು ಮೂರು ಸಲ ಬೇಕಾಯಿತು. ಆ ನಾಲ್ಕನೆಯ ಸಲ ಖರ್ಚು ಹೆಚ್ಚಾಗಲಿಲ್ಲ, ದೊರೆತದ್ದು ಹೆಚ್ಚಾಯಿತು. ಪುನರಾವೃತ್ತಿ ಉಪಭೋಗವಾಗುವುದೆಂದರೆ ಇದು.

ವಾಚಕರು ಕೂಡಲೆ ಕೇಳಬಹುದು: ‘ಹಾಗಾದರೆ ಐದನೆಯ ಸಲವೂ ಕಬಿನಿಗೇ ಹೋಗಿರಿ, ಹತ್ತರಲ್ಲೊಂದು ಭಾಗದ ಖರ್ಚಿನಲ್ಲಿ ಆಗುವ ಕೆಲಸಕ್ಕೆ ಆಫ್ರಿಕಾ ಏಕೆ?’ ಈ ಆಕ್ಷೇಪಣೆ ಬಲವಾದುದು. ಬಹುಪಾಲು ಸಂದರ್ಭಗಳಲ್ಲಿ ಇದೇ ಸರಿಯಾದ ಉತ್ತರವೂ ಹೌದು. ನನ್ನ ಉತ್ತರ ಇಷ್ಟೇ. ನಮ್ಮ ಕಾಡಿನಲ್ಲಿ ಪೊದೆ-ಮರಗಳ ಮರೆಯಿಂದ ಪ್ರಾಣಿಯೊಂದು ಕಂಡು ಮರೆಯಾಗುತ್ತದೆ. ಆ ಹುಲ್ಲುಗಾವಲಿನಲ್ಲಿ ಕಣ್ಣು ಹರಿಯುವವರೆಗೂ ಹಲವು ಜಾತಿಯ ಜೀವಗಳು ಒಂದರೊಡನೊಂದು ಬಾಳುವ ಬಗೆ ಒಟ್ಟಿಗೆ ಕಾಣುತ್ತದೆ. ಜೀವಗಳು ಪರಸ್ಪರ ಆಶ್ರಯಿಸಿ ಬದುಕುತ್ತವೆ ಎಂಬುದನ್ನು ನಾವು ಬಾಲ್ಯದಿಂದ ಬಾಯಿಪಾಠ ಮಾಡಿದ್ದೇವೆ. ಅದನ್ನು ಕಣ್ಣಿಂದ ಕಾಣುವ ಅವಕಾಶ ಅಲ್ಲಿದೆ. ಒಂದು ಸಲ ನೋಡಿದಾಗ ನಮಗೆ ಸಿಂಹ, ಆನೆ, ಚೀತಾ ಎಂದು ಬೇರೆ ಬೇರೆ ಹೆಸರುಗಳು ಮಾತ್ರ ಕಂಡವು. ಕಬಿನಿಯಲ್ಲಿ ಕಲಿತ ಸಾವಧಾನದೊಂದಿಗೆ ಅಲ್ಲಿ ಇನ್ನೊಮ್ಮೆ ಕುಳಿತರೆ ಬೇರೇನೋ ಕಂಡೀತು ಎಂಬ ನಂಬಿಕೆ ಇಬ್ಬರಿಗೂ ಇತ್ತು. ಇಷ್ಟರಿಂದ ಹೋಗುವುದು ಯೋಗ್ಯವೆಂದು ಸಿದ್ಧವಾಗಲಿಲ್ಲ. ಅಯೋಗ್ಯವೆಂಬ ತೀರ್ಮಾನ ಸಡಿಲವಾಯಿತು, ಅಷ್ಟೇ.

ಇನ್ನು ಹಣಕ್ಕಿಂತ ಗಂಭೀರವಾದ ಖಾತೆಗೆ ಬರೋಣ. ಹಿಂಸೆಯು ಕೃತ, ಕಾರಿತ, ಅನುಮತ ಎಂದು ಮೂರು ದ್ವಾರಗಳಿಂದ ನಮ್ಮನ್ನು ಸೇರುತ್ತದೆ: ತಾನೇ ಮಾಡುವುದು, ಮಾಡಿಸುವುದು, ಮಾಡಿದ್ದಕ್ಕೆ ಸಮ್ಮತಿಸುವುದು. ನದಿ ದಾಟುವ ಋತುವಿನಲ್ಲಿ ದಂಡೆಯ ಮೇಲೆ ಜೀಪಿನಲ್ಲಿ ಕುಳಿತ ಶ್ರಾವಕನು ಕೊಲ್ಲುವುದಿಲ್ಲ, ಕೊಲ್ಲಿಸುವುದಿಲ್ಲ. ಮೊಸಳೆಯ ಆಹಾರ ಮೊಸಳೆಗೆ. ವೈಜ್ಞಾನಿಕವಾಗಿಯೂ ಆ ಸಾವು ನಿರರ್ಥಕವಲ್ಲ. ವರ್ಷಕ್ಕೆ ಸರಾಸರಿ 6,250ರಷ್ಟು ವೈಲ್ಡ್‌ಬೀಸ್ಟ್‌ಗಳು ಆ ನದಿಯಲ್ಲಿ ಮುಳುಗಿ ಸಾಯುತ್ತವೆಂದೂ, ಅವುಗಳ ದೇಹಗಳಿಂದ ಮೀನುಗಳೂ ರಣಹದ್ದುಗಳೂ ಬದುಕುತ್ತವೆಂದೂ, ಮೂಳೆಗಳು ವರ್ಷಗಟ್ಟಲೆ ಕರಗುತ್ತ ನದಿಗೆ ರಂಜಕವನ್ನು ಒದಗಿಸುತ್ತವೆಂದೂ 2017ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿದೆ. ನಿಸರ್ಗದ ಮೇಲೆ ನಮ್ಮ ವ್ರತಗಳನ್ನು ಹೇರುವುದು ಅವಿವೇಕ. ಆದರೆ ಪ್ರಶ್ನೆ ಮೊಸಳೆಯದಲ್ಲ, ಪ್ರೇಕ್ಷಕನದು. ಮೂರು ಗಂಟೆ ಬಿಸಿಲಿನಲ್ಲಿ ಕಾದು ಕುಳಿತಾಗ ಮನಸ್ಸು ಯಾವುದಕ್ಕಾಗಿ ಕಾಯುತ್ತಿರುತ್ತದೆ? ಹಿಂಡು ದಾಟದೆ ಹಿಂದಿರುಗಿದರೆ ನಿರಾಶೆ. ಸುರಕ್ಷಿತವಾಗಿ ದಾಟಿದರೆ ಅರ್ಧ ನಿರಾಶೆ. ಅಂದಮೇಲೆ ಅಲ್ಲಿ ದುಬಾರಿಯಾಗಿ ಮಾರಾಟವಾಗುತ್ತಿರುವುದು ಏನು? ಆ ನಾಲ್ಕು ತಿಂಗಳಿನ ಇಮ್ಮಡಿ ಬೆಲೆಯಲ್ಲಿ ಒಂದು ಭಾಗ, ಸಾವನ್ನು ಹತ್ತಿರದಿಂದ ನೋಡುವ ಸ್ಥಳದ ಬೆಲೆ. ಅನುಮತದ ದ್ವಾರ ತೆರೆಯುವುದು ಇಲ್ಲಿ.

ಇದು ಮನಸ್ಸಿನ ಸೂಕ್ಷ್ಮ ಮಾತ್ರವೆಂದು ಯಾರೂ ತಿಳಿಯಬಾರದು. ಪ್ರೇಕ್ಷಕರ ಆತುರವು ಕೃತ-ಕಾರಿತಗಳಿಗೂ ಇಳಿಯುತ್ತದೆ. ಮಾರಾದ ಚೀತಾಗಳ ಕುರಿತು 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಪ್ರವಾಸಿಗರು ಹೆಚ್ಚಾಗಿ ಸೇರುವ ಭಾಗದಲ್ಲಿ ತಾಯಿ ಚೀತಾ ಒಂದು ಸೂಲಿನಲ್ಲಿ ಸರಾಸರಿ 0.2 ಮರಿಗಳನ್ನು ಮಾತ್ರ ಸ್ವತಂತ್ರವಾಗುವವರೆಗೆ ಬೆಳೆಸಬಲ್ಲದು. ಪ್ರವಾಸಿಗರು ಕಡಿಮೆ ಇರುವ ಭಾಗದಲ್ಲಿ ಆ ಸಂಖ್ಯೆ 2.3. ಅಂದರೆ ಒಂದು ಕಡೆ ಐದು ಸೂಲಿಗೆ ಒಂದು ಮರಿ. ಇನ್ನೊಂದು ಕಡೆ ಒಂದು ಸೂಲಿಗೆ ಎರಡಕ್ಕೂ ಹೆಚ್ಚು. ಕೊಂದವರು ಯಾರೂ ಇಲ್ಲ, ನೋಡಿದವರು ಮಾತ್ರ ಇದ್ದಾರೆ. 2025ರಲ್ಲಿ ಸೆರೆಂಗೆಟಿಯ ನದಿದಂಡೆಯಲ್ಲಿ ಪ್ರವಾಸಿಗರು ವಾಹನಗಳಿಂದ ಇಳಿದು ಹಿಂಡಿನ ದಾರಿಗೆ ಅಡ್ಡಲಾಗಿ ನಿಂತ ದೃಶ್ಯಗಳು ಲೋಕವೆಲ್ಲ ಹರಡಿ ನಿಂದೆಗೆ ಗುರಿಯಾದವು. ಈ ಸಂಗತಿಗಳನ್ನು ಓದಿದ ಮೇಲೆ ಆಗಸ್ಟ್ ತಿಂಗಳ ಪ್ರವಾಸದ ಅಂದಾಜುಪಟ್ಟಿಯನ್ನು ಹಣದ ಪ್ರಶ್ನೆಗೆ ಮೊದಲೇ ಮಡಿಚಿಟ್ಟೆವು. ನನ್ನ ಪತ್ನಿ ತನ್ನ ಸಹಜವಾದ ಮಾತಿನಲ್ಲಿ ಹೇಳಿದಳು: ‘ಸಾಯೂದನ್ನ ಒಮ್ಮೆ ನೋಡೇವಿ, ಸಾಕು. ಮತ್ತ ಹೋಗೂದಾದರ ಹುಟ್ಟೂದನ್ನ ನೋಡೂಣು.’

ಹುಟ್ಟುವುದನ್ನು ನೋಡುವ ಕಾಲ ಫೆಬ್ರವರಿಯ ಆಸುಪಾಸು. ಸೆರೆಂಗೆಟಿಯ ದಕ್ಷಿಣದ ನ್ಡುಟು ಬಯಲಿನಲ್ಲಿ ಜ್ವಾಲಾಮುಖಿಯ ಬೂದಿಯಿಂದ ಫಲವತ್ತಾದ ಗಿಡ್ಡ ಹುಲ್ಲನ್ನು ಮೇಯುತ್ತ ಲಕ್ಷಾಂತರ ತಾಯಂದಿರು ಕೆಲವೇ ವಾರಗಳ ಅವಧಿಯಲ್ಲಿ ಒಟ್ಟಿಗೆ ಕರು ಹಾಕುತ್ತವೆ. ಕರು ಕೆಲವೇ ನಿಮಿಷಗಳಲ್ಲಿ ಎದ್ದು ನಿಲ್ಲುತ್ತದೆ. ಅಲ್ಲಿಯೂ ಕತ್ತೆಕಿರುಬ, ಚೀತಾ, ಸಿಂಹಗಳಿರುತ್ತವೆ. ಒಟ್ಟಿಗೆ ಹುಟ್ಟುವುದರ ಪ್ರಯೋಜನವೇ ಅವು ಎಷ್ಟು ತಿಂದರೂ ಬಹಳಷ್ಟು ಉಳಿಯಲಿ ಎಂಬುದು. ಸಾವಿಲ್ಲದ ಬಯಲು ಯಾವುದೂ ಇಲ್ಲ. ಆದರೆ ಹುಟ್ಟಿಗಾಗಿ ಕಾಯುವಾಗ ಸಾವು ಎದುರಾಗುವುದಕ್ಕೂ, ಸಾವಿಗಾಗಿಯೇ ಕಾಯುವುದಕ್ಕೂ ಪರಿಣಾಮಗಳಲ್ಲಿ, ಎಂದರೆ ಮನೋಭಾವದಲ್ಲಿ, ಅಜಗಜಾಂತರವಿದೆ.

ಆದರೆ ನ್ಡುಟು ಬಯಲಿನ ಬಹುಭಾಗವು ಗೊರೊಂಗೊರೊ ಸಂರಕ್ಷಣ ಪ್ರದೇಶಕ್ಕೆ ಸೇರಿದುದು. ಆ ಪ್ರದೇಶದಲ್ಲಿ ದನ ಮೇಯಿಸಿಕೊಂಡು ಬಾಳಿದ ಮಾಸಾಯಿ ಕುಟುಂಬಗಳನ್ನು 2022ರಿಂದ ದೂರದ ಮ್ಸೊಮೆರಾ ಎಂಬಲ್ಲಿಗೆ ಸ್ಥಳಾಂತರಿಸತೊಡಗಿದರು. ಇದು ಒತ್ತಾಯದ ಕ್ರಮವೆಂದು ಅವರಲ್ಲನೇಕರು ಪ್ರತಿಭಟಿಸಿದ್ದಾರೆ. ಕಾಡುಪ್ರಾಣಿಯನ್ನು ಉಳಿಸುವುದರ ವೆಚ್ಚವನ್ನು ನೋಡಲು ಬರುವವನು ಪೂರ್ತಿಯಾಗಿ ಕೊಡುವುದಿಲ್ಲ. ಅದರ ಪಕ್ಕದಲ್ಲಿ ಬಾಳುವವನು ಕೊಡುತ್ತಾನೆ. ಇದು ಆ ನಾಡಿಗೆ ಮಾತ್ರ ಸೇರಿದ ಮಾತಲ್ಲ. 2025ರ ನವೆಂಬರಿನಲ್ಲಿ ಮೈಸೂರು ಜಿಲ್ಲೆಯ ಕಾಡಂಚಿನ ರೈತರು ಹುಲಿಯ ದಾಳಿಗೆ ಬಲಿಯಾದ ಮೇಲೆ ನಮ್ಮ ಸರ್ಕಾರವೂ ಬಂಡೀಪುರ, ನಾಗರಹೊಳೆಗಳ ಸಫಾರಿಯನ್ನು ನಿಲ್ಲಿಸಬೇಕಾಗಿ ಬಂದಿತ್ತು. ನಾವು ಕೊಡುವ ಹಣದಲ್ಲಿ ಈ ಪಕ್ಕದ ಬಾಳುವವನ ಪಾಲೆಷ್ಟು ಎಂದು ಕೇಳುವುದು ಅಚೌರ್ಯದ ವಿಸ್ತಾರವೇ ಹೊರತು ಬೇರೆಯಲ್ಲ.

ಹಾಗೆಂದು ಯಾರೂ ಹೋಗಕೂಡದೆಂಬ ಸಿದ್ಧಾಂತಕ್ಕೂ ನಾನು ಬರಲಾರೆ. ಕೀನ್ಯಾ ದೇಶವು 1977ರಲ್ಲಿ ಬೇಟೆಯನ್ನು ನಿಷೇಧಿಸಿತು. ಬೇಟೆಗಾರನ ಹಣವನ್ನು ಬಿಟ್ಟುಕೊಟ್ಟ ಆ ನಾಡಿನಲ್ಲಿ ವನ್ಯಜೀವಿಗೆ ಆಸರೆ ನೋಡಲು ಬರುವವನ ಹಣ. ಆ ಹಣ ಇಲ್ಲದಿದ್ದರೆ ಏನಾಗುವುದೆಂಬುದಕ್ಕೂ ಸಾಕ್ಷಿ ಇದೆ. ಮಾರಾದ ಪಕ್ಕದ ಲೋಯಿಟಾ ಬಯಲಿನ ಭಾಗಗಳು ಗೋಧಿ ಬೆಳೆಯ ಹೊಲಗಳಾಗಿ ಮಾರ್ಪಟ್ಟ ಕಾಲದಲ್ಲಿ, ಅಲ್ಲಿಯ ಸ್ಥಳೀಯ ವೈಲ್ಡ್‌ಬೀಸ್ಟ್‌ಗಳು 1977ರಲ್ಲಿ ಸುಮಾರು 1,20,000 ಇದ್ದದ್ದು 1997ರ ಹೊತ್ತಿಗೆ ಸುಮಾರು 22,000ಕ್ಕೆ ಇಳಿದವು. ಈ ಶತಮಾನದ ಮೊದಲ ದಶಕದಿಂದ ಅಲ್ಲಿ ಒಂದು ಬೇರೆ ಪದ್ಧತಿ ಬೆಳೆದಿದೆ. ಮಾಸಾಯಿ ಭೂಮಾಲೀಕರು ತಮ್ಮ ತಮ್ಮ ಜಮೀನುಗಳನ್ನು ಒಟ್ಟುಗೂಡಿಸಿ, ಬೇಲಿ ಹಾಕದೆ, ಉಳದೆ, ಪ್ರವಾಸಿ ಬಿಡಾರಗಳಿಗೆ ಗೇಣಿಗೆ ಕೊಡುತ್ತಾರೆ. ಪ್ರವಾಸಿಗರು ಹೆಚ್ಚು ಬರಲಿ, ಕಡಿಮೆ ಬರಲಿ, ಒಪ್ಪಂದದಂತೆ ಗೇಣಿ ಸಲ್ಲಬೇಕು. ಕೆಲವು ಕಡೆ ಸುಮಾರು 350 ಎಕರೆಗೆ ಒಂದು ಗುಡಾರಕ್ಕಿಂತ ಹೆಚ್ಚು ಇರಕೂಡದೆಂಬ ಕಟ್ಟು ಇದೆ. 2020ರ ಸಾಂಕ್ರಾಮಿಕದಲ್ಲಿ ಪ್ರವಾಸವೇ ನಿಂತುಹೋದಾಗ ಆ ಗೇಣಿಯೂ ಸಂಕಟಕ್ಕೆ ಸಿಕ್ಕಿ ಅನೇಕ ಕುಟುಂಬಗಳಿಗೆ ಕೈಗೆ ಬರುವುದು ಕಡಿಮೆಯಾಯಿತು. ಇಂಥ ಒಂದು ಪ್ರದೇಶದಲ್ಲಿ ಫೆಬ್ರವರಿ ತಿಂಗಳಲ್ಲಿ ಇದ್ದರೆ, ಲಕ್ಷಾಂತರ ಪ್ರಾಣಿಗಳ ಜಾತ್ರೆ ಕಾಣುವುದಿಲ್ಲ. ಅಳಿದುಳಿದ ಲೋಯಿಟಾ ಹಿಂಡು ಕರು ಹಾಕುವುದು ಕಂಡೀತು. ವಾಹನಗಳು ಕಡಿಮೆ. ಕೊಟ್ಟ ಹಣದಲ್ಲಿ ನೆಲದ ಒಡೆಯನಿಗೆ ಒಂದು ನಿಶ್ಚಿತ ಪಾಲು.

ಈಗ ಎರಡು ಯೋಜನೆಗಳು ಎದುರಿಗಿದ್ದವು. ಆಗಸ್ಟಿನ ಆರು ರಾತ್ರಿಗೆ 9,20,000. ಫೆಬ್ರವರಿಯ ನಾಲ್ಕು ರಾತ್ರಿಗೆ 5,10,000. ಗಂಟೆಯ ದರದಲ್ಲಿ ಎರಡಕ್ಕೂ ಅಂತರ ಬಹಳವಿಲ್ಲ. ಎರಡನೆಯದು ಸುಮಾರು 21,000 ಬೀಳುತ್ತದೆ. ಹಾಗಾಗಿ ಗಂಟೆಯ ದರದಿಂದ ಇದು ಬಗೆಹರಿಯುವ ವ್ಯವಹಾರವಾಗಿರಲಿಲ್ಲ. ಬಗೆಹರಿಸಿದ್ದು ಬೇರೊಂದು ಅಂಕಿ.

ನಾವಿಬ್ಬರೂ ಅಂಗಡಿಯ ವ್ಯವಹಾರವನ್ನು ಮುಂದಿನವರಿಗೆ ಒಪ್ಪಿಸಿದ ವರ್ಷ, ನಮ್ಮ ಸ್ವಂತದ ಭೋಗೋಪಭೋಗಕ್ಕೆ ವರ್ಷಕ್ಕೆ ಆರು ಲಕ್ಷ ರೂಪಾಯಿಯ ಪರಿಮಿತಿಯನ್ನು ಹಾಕಿಕೊಂಡಿದ್ದೇವೆ. ಬಟ್ಟೆ, ಪ್ರಯಾಣ, ಮನೆಯ ಸಜ್ಜು, ಉಡುಗೊರೆ ಎಲ್ಲವೂ ಅದರೊಳಗೆ. ಮಿಕ್ಕ ಆದಾಯದಲ್ಲಿ ದಾನದ ಭಾಗ ಬೇರೆ, ಅದನ್ನು ಮುಟ್ಟುವಂತಿಲ್ಲ. ಒಬ್ಬ ಬಡ ವಿದ್ಯಾರ್ಥಿಯನ್ನು ವರ್ಷವಿಡೀ ವಿದ್ಯಾರ್ಥಿನಿಲಯದಲ್ಲಿ ಇರಿಸಿ ಓದಿಸಲು ನಮಗೆ ತಗಲುವ ಖರ್ಚು ಸುಮಾರು 60,000 ರೂಪಾಯಿ. ಆ ಲೆಕ್ಕದಲ್ಲಿ ಆಗಸ್ಟಿನ ಪ್ರವಾಸವೆಂದರೆ ಹದಿನೈದು ಮಕ್ಕಳು. ಒಬ್ಬ ಆಪ್ತರು ಈ ಹೋಲಿಕೆಯನ್ನು ನನ್ನ ಮುಂದಿಟ್ಟರು. ಅದರ ತೂಕ ನನಗೆ ತಿಳಿಯದೆ ಇಲ್ಲ. ಆದರೆ ಪ್ರತಿಯೊಂದು ಖರ್ಚನ್ನೂ ಹೀಗೆ ಮಕ್ಕಳ ಸಂಖ್ಯೆಗೆ ಪರಿವರ್ತಿಸುತ್ತ ಹೋದರೆ ಮದುವೆಯ ಊಟವೂ ಉಳಿಯದು, ಹಬ್ಬದ ಸೀರೆಯೂ ಉಳಿಯದು. ಕೊನೆಗೆ ಮನುಷ್ಯನು ದಾನವನ್ನೇ ದ್ವೇಷಿಸತೊಡಗುತ್ತಾನೆ. ಪರಿಮಾಣ ವ್ರತದ ಜಾಣ್ಮೆ ಇರುವುದು ಇಲ್ಲಿ. ಆಸೆ ಎದುರಿಗೆ ಇಲ್ಲದ ಶಾಂತ ಸಮಯದಲ್ಲಿ ಗೆರೆ ಎಳೆದುಬಿಡುತ್ತೇವೆ. ಗೆರೆಯ ಒಳಗೆ ಅಳುಕಿಲ್ಲ, ಹೊರಗೆ ಚೌಕಾಶಿಯಿಲ್ಲ. ಹೆಚ್ಚು ಖರ್ಚು ಮಾಡಿ, ಅದಕ್ಕೆ ಸರಿದೂಗುವಂತೆ ಒಂದಿಷ್ಟು ದಾನ ಕೊಟ್ಟು, ಮನಸ್ಸಿಗೆ ಸಮಾಧಾನ ಕೊಳ್ಳುವ ರೂಢಿಯೊಂದು ನಮ್ಮವರಲ್ಲಿ ಬೆಳೆಯುತ್ತಿದೆ. ದಾನವು ಭೋಗಕ್ಕೆ ಕೊಡುವ ಲಂಚವಾಗಬಾರದು.

9,20,000 ಗೆರೆಯ ಹೊರಗೆ. ಮಗನು, ‘ನೀವು ಕೊಡೂದ ಬ್ಯಾಡ ಅಪ್ಪಾಜಿ, ನಾನು ಕೊಡತೀನಿ’ ಎಂದನು. ಅವನ ಪ್ರೀತಿಯನ್ನು ಒಪ್ಪಿಕೊಂಡೆ, ವಾದವನ್ನು ಒಪ್ಪಲಿಲ್ಲ. ಪರಿಮಿತಿಯು ಕಿಸೆಗೆ ಹಾಕಿದ್ದಲ್ಲ, ಭೋಗಿಸುವವನಿಗೆ ಹಾಕಿದ್ದು. ಹಣ ಯಾರದಾದರೂ ಅನುಭವಿಸುವವರು ನಾವು. 5,10,000 ಗೆರೆಯ ಒಳಗೆ ಬರುತ್ತದೆ. ಬಂದರೂ ವರ್ಷದ ಮಿಕ್ಕ ದಿನಗಳಿಗೆ ಉಳಿಯುವುದು 90,000. ಆ ವರ್ಷ ಕಬಿನಿ ಇಲ್ಲ. ಹೊಸ ಬಟ್ಟೆ ಇಲ್ಲ. ಮಳೆಗಾಲಕ್ಕೆ ಮುಂಚೆ ಮಾಡಬೇಕೆಂದಿದ್ದ ಪಡಸಾಲೆಯ ನೆಲಗೆಲಸ ಮುಂದಕ್ಕೆ. ಇಷ್ಟನ್ನು ಬಿಟ್ಟರೂ ಹೋಗಬೇಕೆನಿಸುತ್ತದೆಯೇ ಎಂದು ಇಬ್ಬರೂ ಎಂಟು ದಿನ ಬೇರೆ ಬೇರೆ ಯೋಚಿಸಿ, ಹೌದೆಂದು ನಿಶ್ಚಯಿಸಿದೆವು. ವಸ್ತುವಿನ ನಿಜವಾದ ಬೆಲೆ ಅದರ ಚೀಟಿಯ ಮೇಲೆ ಇರುವುದಿಲ್ಲ; ಅದಕ್ಕಾಗಿ ನಾವು ಯಾವುದನ್ನು ಬಿಡಲು ಸಿದ್ಧರಿದ್ದೇವೆ ಎಂಬುದರಲ್ಲಿ ಇರುತ್ತದೆ.

ಒಂದು ಬಾಕಿ ಮಾತ್ರ ಯಾವ ಜಮೆಯಿಂದಲೂ ತೀರಲಿಲ್ಲ. ಮುಂಬಯಿಯಿಂದ ನೈರೋಬಿಗೆ ಸುಮಾರು 4,500 ಕಿಲೋಮೀಟರ್. ಹೋಗಿಬರುವ ಆ ಹಾರಾಟದಲ್ಲಿ ಉರಿಯುವ ಇಂಧನ, ಅದರಿಂದ ಎಲ್ಲೆಲ್ಲಿಯೋ ಯಾವ ಯಾವ ಜೀವಕ್ಕೋ ತಗಲುವ ಬಾಧೆ, ಇದನ್ನು ಸೊನ್ನೆ ಮಾಡುವ ಉಪಾಯವಿಲ್ಲ. ಹಿರಿಯರು ದಿಗ್ವ್ರತವನ್ನು ವಿಧಿಸಿದ್ದು ಇದಕ್ಕಾಗಿಯೇ ಇರಬೇಕೆಂದು ನನಗೆ ತೋರಿತು. ಸಮುದ್ರ, ನದಿ, ಪರ್ವತ, ಅಡವಿಗಳನ್ನು ಗಡಿಯಾಗಿಟ್ಟುಕೊಂಡು ಅದರಾಚೆ ಜೀವನಪರ್ಯಂತ ಹೋಗೆನೆಂದು ನಿಶ್ಚಯಿಸಿದರೆ, ಆಚೆಯ ಲೋಕದ ಮಟ್ಟಿಗೆ ನಮ್ಮಿಂದಾಗುವ ಸೂಕ್ಷ್ಮ ಬಾಧೆಯೂ ನಿಲ್ಲುತ್ತದೆ. ಫೆಬ್ರವರಿಯ ಪ್ರವಾಸದಿಂದ ಮರಳಿದ ದಿನದಿಂದ ಪಡುವಣ ಸಮುದ್ರವನ್ನು ಗಡಿಯಾಗಿ ಇಟ್ಟುಕೊಳ್ಳುವುದೆಂದು ನಾವಿಬ್ಬರೂ ನಿರ್ಧರಿಸಿದ್ದೇವೆ. ಮೂರನೆಯ ಸಲದ ಪ್ರಶ್ನೆ ನಮ್ಮ ಮನೆಯಲ್ಲಿ ಏಳುವುದಿಲ್ಲ.

ಹೊಟ್ಟೆ ತುಂಬ ಉಂಡು ಉಪವಾಸ ಹಿಡಿಯುವ ಜಾಣತನವಿದು ಎಂದು ವಾಚಕರು ನಕ್ಕರೆ ನಾನು ಕೋಪಿಸಿಕೊಳ್ಳಲಾರೆ. ಆದರೆ ಉಪವಾಸದ ಹಿಂದಿನ ದಿನ ಧಾರಣೆಯೆಂಬುದೊಂದು ಇದೆ. ಅಂದು ಊಟ ಉಂಟು, ಒಂದೇ ಹೊತ್ತು ಉಂಟು. ಏನನ್ನು ಬಿಡಲಿದ್ದೇವೆಂದು ಅರಿತು ಮಾಡುವ ಊಟ ಅದು. ಆದುದರಿಂದಲೇ ಪ್ರತಿಯೊಂದು ತುತ್ತಿನ ರುಚಿಯೂ ಅಂದು ತಿಳಿಯುತ್ತದೆ.